ಎರಡನೆಯ ಇಬ್ರಾಹಿಂ ಆದಿಲಶಾಹನ ‘ನವರಸ’: ಚೆಲುವು ಮತ್ತು ನಶ್ವರತೆ

೧

ತಿಕೋಟಾದ ಕಡೆಯಿಂದ ಅಥಣಿ ರಸ್ತೆಯನ್ನು ಹಿಡಿದು ವಿಜಯಪುರಕ್ಕೆ ಬರುವವರು ನಗರವನ್ನು ಮುಟ್ಟುವ ಮೊದಲು ತೊರವಿ ಗ್ರಾಮವನ್ನು ಹಾದು ಬರುತ್ತಾರೆ. ಅಲ್ಲಿ ಎರೆಯ ಹೊಲಗಳ ಮಗ್ಗುಲಿಗೆ ಮುರಿದ ಗೋಡೆಗಳೂ ಮಾಳಿಗೆಯಿಲ್ಲದ ಒಂದು ಎತ್ತರದ ಕಮಾನೂ ನಿಂತಿವೆ. ಜನರು ಅದನ್ನು ಸಂಗೀತ ಮಹಲು ಎನ್ನುತ್ತಾರೆ. ಇನ್ನು ಕೆಲವು ಮೈಲಿ ಮುಂದೆ ಬಂದರೆ, ನಗರದ ಕೋಟೆಯ ಪಡುವಣ ಬಾಗಿಲಿನ ಹೊರಗೆ, ಇಬ್ರಾಹಿಂ ರೋಜಾ ಕಾಣುತ್ತದೆ. ಬಬಲೇಶ್ವರದ ಕಡೆಯಿಂದ ಜಮಖಂಡಿ ರಸ್ತೆಯಲ್ಲಿ ಬರುವವರೂ ಸ್ವಲ್ಪ ಬಳಸಿ ಈ ದಾರಿಯನ್ನು ಸೇರಬಹುದು. ಈ ಎರಡು ಕಟ್ಟಡಗಳೂ ಒಬ್ಬನೇ ಅರಸನ ಕಾಲದವು. ಒಂದು ಅವನ ಬದುಕಿನ ಉತ್ಸವಕ್ಕಾಗಿ ಎದ್ದದ್ದು, ಅದು ಹಾಳಾಗಿದೆ. ಇನ್ನೊಂದು ಅವನ ಮನೆತನದ ಸಾವಿಗಾಗಿ ಎದ್ದದ್ದು, ಅದು ಉಳಿದಿದೆ.

ಈ ಅರಸನು ಆದಿಲಶಾಹಿ ವಂಶದ ಎರಡನೆಯ ಇಬ್ರಾಹಿಂ. ಇವನು ಕವಿ, ವಾಗ್ಗೇಯಕಾರ, ತಂಬೂರಿ ವಾದಕ, ಚಿತ್ರ ಮತ್ತು ಸುಲಿಪಿಗಳ ಮರ್ಮಜ್ಞ, ನಗರ ನಿರ್ಮಾಪಕ. ಇಷ್ಟು ಕಲೆಗಳು ಒಬ್ಬನಲ್ಲಿ ಕೂಡಿದಾಗ ಇತಿಹಾಸಕಾರರು ಸಾಮಾನ್ಯವಾಗಿ ಅವುಗಳ ಪಟ್ಟಿಯನ್ನು ಕೊಟ್ಟು ‘ಕಲಾಪ್ರಿಯನಾದ ಸುಲ್ತಾನ’ ಎಂಬ ಒಂದು ವಿಶೇಷಣದಿಂದ ಪ್ರಕರಣವನ್ನು ಮುಗಿಸುತ್ತಾರೆ. ಪಟ್ಟಿಯು ವಿವರಣೆಯಲ್ಲ. ಈ ಕಲೆಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಿದ ಭಾವ ಯಾವುದು, ಆ ಭಾವಕ್ಕೂ ಆ ಕೃತಿಗಳ ಮುಂದಿನ ಗತಿಗೂ ಸಂಬಂಧವೇನು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿದ್ದೇವೆ.

೨

ಮೊದಲು ಕಾಲದ ಚೌಕಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ಕ್ರಿ.ಶ. ೧೫೮೦ರಲ್ಲಿ ಒಂದನೆಯ ಅಲಿ ಆದಿಲಶಾಹನು ಕೊಲೆಗೀಡಾದನು. ಅವನಿಗೆ ಮಕ್ಕಳಿರಲಿಲ್ಲವಾಗಿ ತಮ್ಮನ ಮಗನಾದ ಇಬ್ರಾಹಿಮನು ಸುಮಾರು ಒಂಬತ್ತು ವರ್ಷದ ಬಾಲಕನಾಗಿ ಪಟ್ಟವೇರಿದನು. ಮೊದಲಲ್ಲಿ ಅಲಿಯ ಪತ್ನಿ ಚಾಂದಬೀಬಿಯು ರಾಜ್ಯದ ಹೊಣೆಯನ್ನು ಹೊತ್ತಳು. ಒಳಜಗಳಗಳಲ್ಲಿ ಒಬ್ಬರಾದ ಮೇಲೊಬ್ಬರು ರಾಜಪಾಲಕರು ಬಂದುಹೋದರು. ೧೫೯೦ರ ಹೊತ್ತಿಗೆ ಅಧಿಕಾರವು ಇಬ್ರಾಹಿಮನ ಕೈಗೆ ನೇರವಾಗಿ ಬಂತು. ೧೬೨೭ರಲ್ಲಿ ಅವನು ತೀರಿಕೊಳ್ಳುವವರೆಗೆ ಅವನಲ್ಲಿಯೇ ಇತ್ತು. ಉತ್ತರದಿಂದ ಮೊಗಲರ ಒತ್ತಡ, ನೆರೆಯಲ್ಲಿ ಅಹಮದನಗರದ ಕುಸಿತ, ತನ್ನ ಅರಮನೆಯಲ್ಲಿಯೇ ಕಂಡ ಕೊಲೆ ಮತ್ತು ಪಿತೂರಿ, ಇವುಗಳ ನಡುವೆ ಬೆಳೆದವನಿಗೆ ಐಶ್ವರ್ಯದ ಅಸ್ಥಿರತೆಯನ್ನು ಗ್ರಂಥದಿಂದ ಕಲಿಯಬೇಕಾದ ಅಗತ್ಯವಿರಲಿಲ್ಲ.

ಇಂಥವನು ತನ್ನ ಜೀವನದ ಮುದ್ರೆಯಾಗಿ ಆರಿಸಿಕೊಂಡ ಶಬ್ದ ‘ನವರಸ’. ತನ್ನ ಗೀತಗಳ ಗ್ರಂಥಕ್ಕೆ ಅವನು ‘ಕಿತಾಬ್-ಇ-ನವರಸ್’ ಎಂದು ಹೆಸರಿಟ್ಟನು. ಹೊಸ ನಗರಕ್ಕೆ ನವರಸಪುರವೆಂದೂ ಅದರ ಅರಮನೆಗೆ ನವರಸ ಮಹಲೆಂದೂ ಹೆಸರಾಯಿತು. ಅವನ ಆಶ್ರಯದಲ್ಲಿ ಫಿರಿಸ್ತಾ ಬರೆದ ಪ್ರಸಿದ್ಧ ಇತಿಹಾಸವೂ ‘ನವರಸನಾಮಾ’ ಎಂಬ ಇನ್ನೊಂದು ಹೆಸರನ್ನು ಪಡೆಯಿತು. ಒಂದೇ ಶಬ್ದವನ್ನು ಹಾಡಿಗೂ ಊರಿಗೂ ಚರಿತ್ರೆಗೂ ಹೀಗೆ ಹೊದಿಸಿದ್ದು ಬರಿಯ ಹವ್ಯಾಸವೆನ್ನಲು ಬರುವಂತಿಲ್ಲ.

ಈ ಶಬ್ದಕ್ಕೆ ಎರಡು ಭಾಷೆಗಳಲ್ಲಿ ಎರಡು ಅರ್ಥಗಳಿವೆ. ಸಂಸ್ಕೃತ, ಕನ್ನಡ, ದಖ್ಖನಿಗಳಲ್ಲಿ ಅದು ಒಂಬತ್ತು ರಸ. ಪಾರಸಿಯಲ್ಲಿ ‘ನೌ-ರಸ್’ ಎಂದರೆ ಹೊಸದಾಗಿ ಬಂದದ್ದು, ಈಗತಾನೆ ಪಕ್ವವಾದ ಫಲ. ಆಸ್ಥಾನದ ಪಾರಸಿ ಕವಿ ಜುಹೂರಿಯು ಗೀತಗ್ರಂಥಕ್ಕೆ ಬರೆದ ಗದ್ಯ ಮುನ್ನುಡಿಯ ಉದ್ದೇಶಗಳಲ್ಲಿ, ಇರಾನಿನ ಕಡೆಯ ಓದುಗರಿಗೆ ಈ ರಸವಿಚಾರವನ್ನು ತಿಳಿಯಪಡಿಸುವುದೂ ಒಂದಾಗಿತ್ತು. ಈಗತಾನೆ ಪಕ್ವವಾದ ಫಲವೆಂದರೆ ಏನೆಂಬುದನ್ನು ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊನೆಯಲ್ಲಿ ರಸ ತುಂಬಿದ ದಿನಗಳು ಎಣಿಕೆಯವು. ಆಮೇಲೆ ಅದನ್ನು ಒಣಗಿಸಬೇಕು, ಇಲ್ಲವೆ ಕಳೆದುಕೊಳ್ಳಬೇಕು.

ಇನ್ನು ಸಂಸ್ಕೃತದ ಅರ್ಥವನ್ನು ನೋಡೋಣ. ಭರತನ ನಾಟ್ಯಶಾಸ್ತ್ರದ ಮೂಲ ಗಣನೆಯಲ್ಲಿ ರಸಗಳು ಎಂಟು ಎಂಬುದು ವಿದ್ವಾಂಸರಲ್ಲಿ ಬಹುಮತದ ಅಭಿಪ್ರಾಯ. ಒಂಬತ್ತನೆಯದಾದ ಶಾಂತವು ಅನಂತರ ಸೇರಿದ್ದು. ಅದರ ಪರವಾಗಿ ವಿಸ್ತಾರವಾಗಿ ವಾದಿಸಿದವನು ಅಭಿನವಗುಪ್ತ. ಕನ್ನಡದಲ್ಲಿಯೂ ರಸವಿಚಾರಕ್ಕೆ ಮೀಸಲಾದ ಗ್ರಂಥವುಂಟು. ಸಾಳ್ವನ ‘ರಸರತ್ನಾಕರ’ವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಶಾಂತಕ್ಕೆ ಸ್ಥಾಯಿಭಾವ ಯಾವುದೆಂಬಲ್ಲಿ ಆಲಂಕಾರಿಕರಿಗೆ ಮತಭೇದವಿದೆ. ಕೆಲವರು ಶಮವೆಂದರು, ಕೆಲವರು ನಿರ್ವೇದವೆಂದರು. ನಿರ್ವೇದವೆಂದರೆ ಲೋಕದ ವಸ್ತುಗಳು ನಿಲ್ಲುವವಲ್ಲವೆಂಬ ಅರಿವಿನಿಂದ ಹುಟ್ಟುವ ವಿರಕ್ತಿ. ಹೀಗಾಗಿ ಎಂಟಲ್ಲ, ಒಂಬತ್ತು ಎಂದು ಎಣಿಸಿದವನು ಶೃಂಗಾರದ ಪಂಕ್ತಿಯಲ್ಲಿಯೇ ನಿರ್ವೇದಕ್ಕೂ ಮಣೆ ಹಾಕಿದಂತಾಯಿತು. ಪಾರಸಿಯ ಅರ್ಥದಲ್ಲಿ ತಾಜಾತನ, ಸಂಸ್ಕೃತದ ಅರ್ಥದಲ್ಲಿ ನಶ್ವರತೆಯ ಅರಿವು: ಈ ಎರಡೂ ಒಂದೇ ಶಬ್ದದಲ್ಲಿ ಅಡಗಿವೆ. ಇಬ್ರಾಹಿಮನ ಕಲೆಗಳ ಸೂತ್ರ ಇದೇ ಎಂದು ನಮ್ಮ ಅಭಿಪ್ರಾಯ. ಇದು ವ್ಯಾಖ್ಯಾನವೇ ಹೊರತು ಶಾಸನಪ್ರಮಾಣವಲ್ಲ. ಕೃತಿಗಳು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆಂಬುದನ್ನು ಮುಂದೆ ಪರಿಶೀಲಿಸೋಣ.

೩

ಕಿತಾಬ್-ಇ-ನವರಸ್ ದಖ್ಖನಿ ಭಾಷೆಯ ಗೀತಸಂಗ್ರಹ. ನಜೀರ್ ಅಹಮದ್ ಅವರು ೧೯೫೬ರಲ್ಲಿ ಪ್ರಕಟಿಸಿದ ಪರಿಷ್ಕರಣದಲ್ಲಿ ೫೯ ಗೀತಗಳೂ ೧೭ ದೋಹೆಗಳೂ ಇವೆ. ಗೀತಗಳನ್ನು ವಿಷಯಾನುಸಾರವಾಗಿ ಅಲ್ಲ, ರಾಗಾನುಸಾರವಾಗಿ ಜೋಡಿಸಿದೆ. ಭೈರವ, ಅಸಾವರಿ, ತೋಡಿ, ಕಲ್ಯಾಣ, ಕೇದಾರ ಮುಂತಾದ ರಾಗಗಳ ಹೆಸರುಗಳು ಅಲ್ಲಿ ಬರುತ್ತವೆ. ಎಂದರೆ ಇದು ಓದುವುದಕ್ಕಿಂತ ಹೆಚ್ಚಾಗಿ ಹಾಡುವುದಕ್ಕಾಗಿ ಹುಟ್ಟಿದ ಗ್ರಂಥ. ಸರಸ್ವತಿಯ ಸ್ತುತಿ, ಗಣಪತಿಯ ಸ್ಮರಣೆ, ಕಲಬುರ್ಗಿಯ ಬಂದೇ ನವಾಜರ ಕೀರ್ತನೆ ಇವೆಲ್ಲ ಇಲ್ಲಿ ಕೂಡಿಯೇ ಬರುತ್ತವೆ. ವಿಜಾಪುರವನ್ನು ಕವಿಯು ‘ವಿದ್ಯಾಪುರ’ವೆಂದು ಕರೆಯುತ್ತಾನೆ. ಪ್ರಜೆಗಳು ಅವನನ್ನು ‘ಜಗದ್ಗುರು’ ಎಂದು ಕರೆದರೆಂಬ ಪ್ರತೀತಿಯನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಈ ಗೀತಗಳಲ್ಲಿ ಅರಸನು ತನ್ನ ಸಮೀಪದ ವಸ್ತುಗಳಿಗೂ ಪ್ರಾಣಿಗಳಿಗೂ ಹೆಸರಿಟ್ಟು ಕರೆಯುವುದು ವಿಶೇಷವಾಗಿದೆ. ಅವನ ತಂಬೂರಿಯ ಹೆಸರು ಮೋತಿಖಾನ. ಆನೆಯ ಹೆಸರು ಆತಶಖಾನ. ಅವುಗಳಿಗೆ ಮನುಷ್ಯರ ಪದವಿ, ಮನುಷ್ಯರ ಪ್ರೀತಿ ದೊರೆತಿವೆ. ರಾಗಗಳಿಗೂ ಹಾಗೆಯೇ ರೂಪ, ಬಣ್ಣ, ಉಡಿಗೆಗಳಿವೆ. ಕೇಳುವ ಸ್ವರವನ್ನು ಕಾಣುವ ಚಿತ್ರವನ್ನಾಗಿ ಮಾಡುವ ಹಂಬಲ ಅಲ್ಲಿ ಸ್ಪಷ್ಟವಾಗಿದೆ. ಸ್ವರವು ಹುಟ್ಟಿದ ಕ್ಷಣದಲ್ಲಿಯೇ ಸಾಯುವಂಥದು. ಅದಕ್ಕೆ ಮುಖವನ್ನು ಬರೆದಿಟ್ಟರೆ ಸ್ವಲ್ಪ ಹೊತ್ತು ನಿಂತೀತೆಂಬ ಆಸೆ ಇದರ ಹಿಂದೆ ಇದೆಯೆನ್ನಬಹುದು.

ಅಕ್ಬರನ ರಾಯಭಾರಿಯಾಗಿ ೧೬೦೩-೦೪ರ ಸುಮಾರಿಗೆ ವಿಜಾಪುರಕ್ಕೆ ಬಂದ ಅಸದ್ ಬೇಗನು, ಅರಸನು ಸಂಗೀತದಲ್ಲಿ ಮುಳುಗಿ ಮಾತಿಗೆ ಉತ್ತರಕೊಡುವುದೂ ಕಷ್ಟವಾಗಿತ್ತೆಂಬ ಅರ್ಥದಲ್ಲಿ ಬರೆದಿದ್ದಾನೆ. ಆಸ್ಥಾನ ಕವಿಗಳ ಹೊಗಳಿಕೆಯನ್ನು ನಾವು ಎಚ್ಚರಿಕೆಯಿಂದ ಸ್ವೀಕರಿಸಬೇಕಾದರೂ, ಪರಪಕ್ಷದ ರಾಯಭಾರಿಯ ಈ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

೪

ಚಿತ್ರಕಲೆಯ ವಿಷಯಕ್ಕೆ ಬಂದರೆ, ಜುಹೂರಿಯು ಅರಸನನ್ನು ಕುಂಚದಲ್ಲಿಯೂ ಲೇಖನಿಯಲ್ಲಿಯೂ ನಿಪುಣನೆಂದು ಹೊಗಳಿದ್ದಾನೆ. ಹೊಗಳಿಕೆಯನ್ನು ಬದಿಗಿಟ್ಟು, ಅವನ ಆಸ್ಥಾನದಲ್ಲಿ ಹುಟ್ಟಿದ ಚಿತ್ರಗಳನ್ನೇ ನೋಡುವುದು ಕ್ಷೇಮ. ಅವುಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಪ್ರಸ್ತಾಪಿಸುತ್ತೇವೆ.

ಮೊದಲನೆಯದು, ೧೫೯೦ರ ಸುಮಾರಿಗೆ ವಿಜಾಪುರದಲ್ಲಿ ರಚಿತವಾದ ‘ಪೇಮ್ ನೇಮ್’ ಎಂಬ ದಖ್ಖನಿ ಪ್ರೇಮಕಾವ್ಯದ ಹಸ್ತಪ್ರತಿ. ಇದರಲ್ಲಿ ೩೪ ಚಿತ್ರಗಳಿವೆ. ಪ್ರತಿಯು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸೂಫಿ ಮಾರ್ಗದ ಈ ಕಥೆಯಲ್ಲಿ ನಾಯಕನ ಎದೆಯ ಮೇಲೆ ನಾಯಿಕೆಯ ಮುಖವನ್ನು ಚಿತ್ರಕಾರನು ಬರೆದಿದ್ದಾನೆ. ಕಾಣುವ ಚೆಲುವು ಹೊರಗಿದೆಯೋ ಒಳಗಿದೆಯೋ, ಹೊರಗಿನದು ಕಣ್ಮರೆಯಾದರೆ ಒಳಗಿನದು ಉಳಿಯುವುದೋ ಎಂಬ ಪ್ರಶ್ನೆಯನ್ನು ಕಾವ್ಯವು ಮಾತಿನಲ್ಲಿ ಎತ್ತಿದರೆ ಚಿತ್ರವು ಒಂದೇ ನೋಟದಲ್ಲಿ ಎತ್ತಿದೆ.

ಎರಡನೆಯದು ‘ಮೈನಾ ಹಕ್ಕಿಯೊಡನೆ ಯೋಗಿನಿ’ ಎಂದು ಪ್ರಸಿದ್ಧವಾದ ಚಿತ್ರ. ೧೭ನೆಯ ಶತಮಾನದ ಮೊದಲ ವರ್ಷಗಳ ಈ ಕೃತಿ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಯೋಗಿನಿಯೊಬ್ಬಳು ಕೈಯಲ್ಲಿ ಮೈನಾ ಹಕ್ಕಿಯನ್ನು ಹಿಡಿದು ನಿಂತಿದ್ದಾಳೆ. ಜಟೆಯನ್ನು ಎತ್ತಿ ಕಟ್ಟಿದೆ. ಮೈಗೆ ಬೂದಿ ಬಳಿದು ಮುಖ ಬೂದುಬಣ್ಣಕ್ಕೆ ತಿರುಗಿದೆ. ಆದರೆ ಕೊರಳಲ್ಲಿ ಆಭರಣ, ಮೈಮೇಲೆ ಬಂಗಾರದ ಬಣ್ಣದ ಉಡಿಗೆ. ಅವಳ ಅಕ್ಕಪಕ್ಕದಲ್ಲಿ ಆಳೆತ್ತರದ ಹೂಗಳು ಅರಳಿವೆ; ದೂರದ ಗುಡ್ಡದ ಮೇಲೆ ಬಿಳಿಯ ಅರಮನೆ ತೋರುತ್ತದೆ. ಬೂದಿಯೂ ಬಂಗಾರವೂ ಒಂದೇ ಮೈಮೇಲೆ ಇರುವುದು ವಿರೋಧಾಭಾಸವೆಂದು ಮೊದಲು ತೋರುತ್ತದೆ. ನಿಧಾನಿಸಿ ನೋಡಿದರೆ ವಿರೋಧವಿಲ್ಲ. ಅರಮನೆಯನ್ನು ಹಿಂದೆ ಬಿಟ್ಟು ಬಂದವಳು ಚೆಲುವನ್ನು ಬಿಟ್ಟು ಬಂದಿಲ್ಲ; ಅದರ ಕೊನೆ ಏನೆಂಬುದನ್ನು ಮೈಮೇಲೆಯೇ ಧರಿಸಿ ಬಂದಿದ್ದಾಳೆ. ಶೃಂಗಾರ ಮತ್ತು ಶಾಂತಗಳ ಸಹವಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಮೂರನೆಯದು ಚಿತ್ರಕಾರನೊಬ್ಬನ ಬಾಳಿನ ಕಥೆ. ಫರ್ರುಖ್ ಹುಸೇನನೆಂಬವನು ಇಬ್ರಾಹಿಮನ ಆಸ್ಥಾನದಲ್ಲಿದ್ದನು. ಮೊಗಲ ಆಸ್ಥಾನದ ಫರ್ರುಖ್ ಬೇಗನೇ ಇವನೆಂಬುದು ಅನೇಕ ವಿದ್ವಾಂಸರ ಮತ. ಯುವಕ ಇಬ್ರಾಹಿಮನು ತಂಬೂರಿ ನುಡಿಸುತ್ತಿರುವ ಇವನ ಚಿತ್ರವೊಂದು ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಜಹಾಂಗೀರನ ಆಶ್ರಯಕ್ಕೆ ಮರಳಿದ ಈತನು ೧೬೧೫ರಲ್ಲಿ ತನ್ನ ೭೦ನೆಯ ವಯಸ್ಸಿನಲ್ಲಿ ಮುದುಕ ಸೂಫಿಯೊಬ್ಬನ ಚಿತ್ರವನ್ನು ಬರೆದನು. ಅದು ಈಗ ದೋಹಾ ನಗರದಲ್ಲಿದೆ. ಅದಕ್ಕೆ ಮಾದರಿಯಾದದ್ದು ಯುರೋಪಿನಲ್ಲಿ ಅಚ್ಚಾದ, ದುಃಖವೆಂಬ ಭಾವವನ್ನು ಮೂರ್ತಿಗೊಳಿಸಿದ ಒಂದು ಚಿತ್ರ. ವಿಜಾಪುರದ ವಸಂತವನ್ನು ಬರೆದ ಕೈಯೇ ಮುಪ್ಪಿನ ಬಾಗಿದ ಬೆನ್ನನ್ನೂ ಬರೆಯಿತು.

ಸುಲಿಪಿಯ ಬಗೆಗೆ ಒಂದು ಮಾತು ಸಾಕು. ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರನು ನವರಸ ಗ್ರಂಥದ ಪ್ರತಿಯನ್ನು ಬರೆದು ಒಪ್ಪಿಸಿದಾಗ ಅರಸನು ಅವನಿಗೆ ‘ಲೇಖನಿಯ ಬಾದಶಹ’ ಎಂಬ ಅರ್ಥದ ಬಿರುದನ್ನು ಕೊಟ್ಟನು. ಅಕ್ಷರಕ್ಕೆ ಆ ಆಸ್ಥಾನದಲ್ಲಿದ್ದ ಮಾನವು ಕಾಗದದಿಂದ ಕಲ್ಲಿಗೆ ಹೇಗೆ ಇಳಿಯಿತೆಂಬುದನ್ನು ರೋಜಾದಲ್ಲಿ ಕಾಣುತ್ತೇವೆ.

೫

ನಗರದ ಸಂಗತಿ ಹೆಚ್ಚು ಕಟುವಾದದ್ದು. ೧೫೯೯ರಲ್ಲಿ ಇಬ್ರಾಹಿಮನು ತೊರವಿಯ ಬಳಿ ನವರಸಪುರಕ್ಕೆ ಅಡಿಗಲ್ಲನ್ನು ಇಟ್ಟನು. ಈ ನೆಲವು ಆಗಲೇ ಕನ್ನಡ ಸಾಹಿತ್ಯದಲ್ಲಿ ಹೆಸರಾದದ್ದು. ಕುಮಾರ ವಾಲ್ಮೀಕಿಯೆಂದು ಪ್ರಸಿದ್ಧನಾದ ನರಹರಿಯು ತೊರವೆಯ ನರಸಿಂಹನ ಅಂಕಿತದಲ್ಲಿ ಷಟ್ಪದಿಯ ರಾಮಾಯಣವನ್ನು ರಚಿಸಿದ್ದು ಇದೇ ಊರಿನ ನೆನಪಿನಲ್ಲಿ. ‘ತೊರವೆ ರಾಮಾಯಣ’ವೆಂಬ ಹೆಸರೇ ಅದನ್ನು ಸಾರುತ್ತದೆ. ಅಂಥ ಸ್ಥಳದಲ್ಲಿ ಗಾಯಕರು, ಕವಿಗಳು, ಚಿತ್ರಕಾರರು, ವರ್ತಕರು ನೆಲೆಸಬೇಕಾದ ಒಂದು ಕಲಾನಗರವನ್ನು ಅರಸನು ಕಲ್ಪಿಸಿದನು. ಅರಮನೆಗಳು ಎದ್ದವು, ಸುತ್ತುಗೋಡೆಯ ಕೆಲಸ ಆರಂಭವಾಯಿತು. ಅದು ಪೂರ್ತಿಯಾಗಲಿಲ್ಲ.

೧೬೨೪ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನು ವಿಜಾಪುರ ರಾಜ್ಯದ ಮೇಲೆ ದಂಡೆತ್ತಿ ಬಂದಾಗ, ಕೋಟೆಯ ರಕ್ಷಣೆಯಿಲ್ಲದ ನವರಸಪುರವು ಲೂಟಿಗೀಡಾಗಿ ಹಾಳಾಯಿತು. ಅಡಿಗಲ್ಲಿಗೂ ವಿನಾಶಕ್ಕೂ ನಡುವೆ ಬರಿಯ ೨೫ ವರ್ಷ. ಕಟ್ಟಿಸಿದವನು ಇನ್ನೂ ಜೀವಂತನಾಗಿಯೇ ಇದ್ದನು. ತನ್ನ ಕನಸಿನ ಊರು ಹುಟ್ಟಿದ್ದನ್ನೂ ಸತ್ತದ್ದನ್ನೂ ಒಬ್ಬನೇ ಅರಸನು ಕಣ್ಣಾರೆ ಕಂಡ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿ ವಿರಳ. ೧೫೬೫ರಲ್ಲಿ ಹಾಳಾದ ವಿಜಯನಗರಕ್ಕಾದರೂ ಎರಡು ಶತಮಾನಗಳ ಬಾಳಿತ್ತು.

೬

ನವರಸಪುರವು ಅಳಿದ ಬಳಿಕ ಅರಸನು ಬದುಕಿದ್ದುದು ಮೂರು ವರ್ಷ. ಆ ವರ್ಷಗಳಲ್ಲಿ ಮುಗಿಯುತ್ತ ಬಂದ ಕಟ್ಟಡವೇ ಇಬ್ರಾಹಿಂ ರೋಜಾ. ಇದು ರಾಣಿ ತಾಜ್ ಸುಲ್ತಾನಾಳಿಗಾಗಿ ಆರಂಭವಾಯಿತೆಂದು ಸಂಪ್ರದಾಯ. ಶಾಸನದಲ್ಲಿ ಅವಳ ಹೆಸರಿದೆ. ಆದರೆ ಅರಸನೇ ಮೊದಲು ತೀರಿಕೊಂಡದ್ದರಿಂದ ಅವನ ಸಮಾಧಿಗೂ ಅದೇ ಎಡೆಯಾಯಿತು. ಒಳಗೆ ಅವನ ತಾಯಿ, ರಾಣಿ ಮತ್ತು ಮಕ್ಕಳ ಗೋರಿಗಳೂ ಸೇರಿ ಒಟ್ಟು ಆರು ಇವೆ. ಕೆಲಸವನ್ನು ನಡೆಸಿದ ಮಲಿಕ್ ಸಂದಲನ ಹೆಸರನ್ನೂ, ಒಂದೂವರೆ ಲಕ್ಷಕ್ಕೆ ಮಿಕ್ಕ ಹೊನ್ನಿನ ವೆಚ್ಚವನ್ನೂ ಶಾಸನವು ದಾಖಲಿಸಿದೆ.

ಒಂದೇ ಎತ್ತರದ ಜಗಲಿಯ ಮೇಲೆ ಮೂಡಲಿಗೆ ಸಮಾಧಿ, ಪಡುವಲಿಗೆ ಮಸೀದಿ, ನಡುವೆ ಕಾರಂಜಿಯ ಕೊಳ. ಗುಮ್ಮಟಗಳು ಕಮಲದ ಎಸಳುಗಳ ನಡುವಿನಿಂದ ಮೇಲೆದ್ದ ಮೊಗ್ಗಿನಂತೆ ಇವೆ. ಸಮಾಧಿಯ ಹೊರಗೋಡೆಗಳ ಮೇಲೆ ಅರಬ್ಬಿ ಅಕ್ಷರಗಳನ್ನೂ ಬಳ್ಳಿಗಳನ್ನೂ ತೆಳುವಾಗಿ ಕೆತ್ತಿದೆ. ಕಿಟಕಿಗಳ ಕೌಶಲವಂತೂ ಗಮನಾರ್ಹ. ಅಲ್ಲಿ ಅಕ್ಷರಗಳೇ ಜಾಲಂಧ್ರಗಳು. ಕಲ್ಲನ್ನು ಕೊರೆದು ಅಕ್ಷರಗಳನ್ನು ಮಾತ್ರ ಉಳಿಸಿ ನಡುವಿನ ಎಡೆಯನ್ನು ಬೆಳಕಿಗೆ ಬಿಟ್ಟಿದ್ದಾರೆ. ಹೊರಗಿನ ಬಿಸಿಲು ಅಕ್ಷರಗಳ ಸಂದಿನಿಂದ ಒಳಗೆ ಬಂದು ಹೊತ್ತು ಏರಿದಂತೆ ಜಾಗ ಬದಲಿಸುತ್ತದೆ. ಕಲ್ಲಿನ ಬರಹ ಸ್ಥಿರ, ಅದು ತೋರುವ ಬೆಳಕು ಚರ.

ಒಳಕೋಣೆಯು ಸುಮಾರು ೪೦ ಅಡಿ ಚಚ್ಚೌಕವಾದದ್ದು. ಅದರ ಮೇಲ್ಮಾಳಿಗೆಯು ಗೋಡೆಗಳಿಂದ ಒಳಕ್ಕೆ ಬಾಗಿ ಬಂದು ನಡುವೆ ಚಪ್ಪಟೆಯಾಗಿದೆ. ಕೆಳಗೆ ಒಂದು ಕಂಬವೂ ಇಲ್ಲ. ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಗಾರೆಯ ಬಲ ಮತ್ತು ಕಟ್ಟಿದವರ ಲೆಕ್ಕ. ೧೯೧೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೆನ್ರಿ ಕಸೆನ್ಸರು ಈ ಮಾಳಿಗೆಯ ದಿಟ್ಟತನವನ್ನು ವಿಶೇಷವಾಗಿ ವಿವರಿಸಿದ್ದಾರೆ. ಇಬ್ರಾಹಿಮನ ಮಗನಾದ ಮುಹಮ್ಮದ್ ಆದಿಲಶಾಹನ ಗೋಲಗುಮ್ಮಟವು ಗಾತ್ರದಿಂದ ಬೆರಗುಗೊಳಿಸುತ್ತದೆ. ರೋಜಾ ಹಾಗಲ್ಲ, ಹತ್ತಿರ ಹೋದಷ್ಟೂ ಹೊಸದನ್ನು ತೋರಿಸುತ್ತದೆ. ಮೊದಲನೆಯದನ್ನು ನೋಡಲು ದೂರ ನಿಲ್ಲಬೇಕು, ಎರಡನೆಯದನ್ನು ಓದಬೇಕು.

೭

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ನಶ್ವರತೆಯನ್ನು ಕುರಿತು ಹಾಡುವುದು ಬೊಕ್ಕಸವಿದ್ದವನಿಗೆ ಸುಲಭ. ಕಲ್ಲು ಹೊತ್ತವರ ನಿರ್ವೇದವನ್ನು ಯಾರು ಬರೆದರು ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದದ್ದು. ಮಲಿಕ್ ಸಂದಲನ ಹೆಸರು ಉಳಿಯಿತು; ಅಕ್ಷರದ ಜಾಲಂಧ್ರವನ್ನು ಕೊರೆದ ಕಲ್ಲುಕುಟಿಗರ ಹೆಸರುಗಳು ಉಳಿಯಲಿಲ್ಲ. ಯೋಗಿನಿಯ ಚಿತ್ರಕಾರನನ್ನು ಸಹ ಇಂದು ವಿದ್ವಾಂಸರು ಚಿತ್ರವಿರುವ ಊರಿನ ಹೆಸರಿನಿಂದ ‘ಡಬ್ಲಿನ್ ಚಿತ್ರಕಾರ’ನೆಂದು ಕರೆಯುತ್ತಾರೆ. ಆದುದರಿಂದ ಇಬ್ರಾಹಿಮನನ್ನು ಬಹುಕಲಾವಿದನೆಂದು ಕರೆಯುವಾಗ, ಗೀತಗಳಲ್ಲಿ ಅವನು ಕರ್ತೃ, ಉಳಿದ ಕಡೆ ಬಹುಮಟ್ಟಿಗೆ ಪ್ರೇರಕ ಎಂಬ ಭೇದವನ್ನು ಮರೆಯಬಾರದು. ಆದರೆ ಆ ಪ್ರೇರಣೆಗೆ ಒಂದು ದಿಕ್ಕಿತ್ತು. ಬೂದಿ ಬಳಿದ ಯೋಗಿನಿ, ಅಕ್ಷರದ ಕಿಟಕಿ, ತಾಜಾ ಫಲದ ಹೆಸರಿನ ಊರು ಇವು ಆಕಸ್ಮಿಕವಾಗಿ ಒಂದೇ ಆಳ್ವಿಕೆಯಲ್ಲಿ ಕೂಡಲಿಲ್ಲ.

ಇನ್ನು ಕೃತಿಗಳ ಗತಿಯನ್ನು ನೋಡಿದರೆ ಒಂದು ಪಾಠ ತೋರುತ್ತದೆ. ಉಸಿರಿನಷ್ಟೇ ಬಾಳುವ ಹಾಡು ಪ್ರತಿಕಾರರ ಕೈಯಿಂದ ಉಳಿಯಿತು. ಕಲ್ಲಿನ ಊರು ೨೫ ವರ್ಷದಲ್ಲಿ ಅಳಿಯಿತು. ಕಾಗದದ ಚಿತ್ರಗಳು ಊರು ಬಿಟ್ಟು ಹೋಗಿ ಉಳಿದವು. ೨೦೧೫ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ದಖ್ಖನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಊರನ್ನು ಬಿಡಲಾರದ ಚಿತ್ರಗಳು ಮಾತ್ರ ಕಷ್ಟದಲ್ಲಿವೆ. ಆಸಾರ ಮಹಲಿನ ಮೇಲಂತಸ್ತಿನ ಹೂಕುಂಡಗಳ ಮತ್ತು ಮನುಷ್ಯಾಕೃತಿಗಳ ಭಿತ್ತಿಚಿತ್ರಗಳು ಬಹಳವಾಗಿ ಕೆಟ್ಟಿವೆ. ಕುಮಟಗಿಯ ಜಲಮಂಟಪದ ಗೋಡೆಗಳ ಮೇಲಿನವು ಇನ್ನೂ ಹೆಚ್ಚು ಮಾಸಿವೆ. ವಸ್ತು ಗಟ್ಟಿಯಾಗಿರುವುದರಿಂದ ಕಲೆ ಉಳಿಯುವುದಿಲ್ಲ; ಯಾರಾದರೂ ಅದನ್ನು ಬೇಕೆಂದು ಪ್ರತಿ ಮಾಡಿದರೆ, ಕಾದರೆ, ಕಲಿಸಿದರೆ ಉಳಿಯುತ್ತದೆ.

ಈ ಕೆಲಸಕ್ಕೆ ನಮ್ಮ ಕಾಲೇಜುಗಳು ದೂರ ಹೋಗಬೇಕಾಗಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಒಂದೇ ತಿಂಗಳಲ್ಲಿ, ಒಂದೇ ಕೋನದಿಂದ ಈ ಭಿತ್ತಿಚಿತ್ರಗಳ ಛಾಯಾಚಿತ್ರವನ್ನು ತೆಗೆದು, ಅಳತೆಯೊಡನೆ ದಿನಾಂಕವನ್ನು ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಯಾವ ಬಣ್ಣ ಎಷ್ಟು ಹೋಯಿತೆಂಬ ಲೆಕ್ಕ ದೊರೆಯುತ್ತದೆ. ಸಂರಕ್ಷಣೆಯ ಇಲಾಖೆಗಳಿಗೂ ಅಂಥ ಲೆಕ್ಕ ಉಪಯುಕ್ತ. ಗೀತಗಳ ರಾಗಗಳನ್ನು ಸಂಗೀತ ವಿಭಾಗದವರೂ, ದಖ್ಖನಿಯ ಪಾಠವನ್ನು ಉರ್ದು ವಿಭಾಗದವರೂ, ರಸವಿಚಾರವನ್ನು ಕನ್ನಡ ವಿಭಾಗದವರೂ ಹಂಚಿಕೊಂಡು ಓದಬಹುದು. ಇಬ್ರಾಹಿಮನನ್ನು ಒಂದೇ ವಿಭಾಗವು ಪೂರ್ತಿಯಾಗಿ ತಿಳಿಯಲಾರದು.

ತೊರವಿಯಲ್ಲಿ ಇಂದು ಒಂದು ವಿಶ್ವವಿದ್ಯಾಲಯವಿದೆ. ೨೦೦೩ರಲ್ಲಿ ಸ್ಥಾಪಿತವಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಈಗ ಅಕ್ಕಮಹಾದೇವಿಯ ಹೆಸರಿದೆ. ಚೆನ್ನಮಲ್ಲಿಕಾರ್ಜುನನನ್ನು ಸಾವಿಲ್ಲದ ಚೆಲುವನೆಂದು ನಂಬಿ ಅರಮನೆಯನ್ನು ಬಿಟ್ಟು ನಡೆದವಳ ಹೆಸರು ಅದು. ಸರಸ್ವತಿಯನ್ನು ಸ್ತುತಿಸಿ ವಿದ್ಯಾಪುರದ ಕನಸು ಕಂಡ ಅರಸನ ಊರು ನಿಂತಿದ್ದ ನೆರೆಯಲ್ಲಿ ಈಗ ಹೆಣ್ಣುಮಕ್ಕಳು ಓದುತ್ತಿದ್ದಾರೆ. ಸಂಗೀತ ಮಹಲಿನ ಮುರಿದ ಕಮಾನು ಅವರಿಗೆ ಬಹು ದೂರವಿಲ್ಲ. ಅದರ ಕಥೆಯನ್ನು ಅವರು ತಿಳಿದು ಮುಂದಿನವರಿಗೆ ಹೇಳಿದರೆ ನವರಸಪುರವು ಪೂರ್ತಿಯಾಗಿ ಅಳಿದಂತೆ ಆಗಲಾರದು.